ಸಂಕನಾಳದ ಅಡ್ಡಗೆರೆ

ನಾನು ಹಳಿಯಾಳದ ಭೂಮಾಪನ ಕಚೇರಿಗೆ ಸೇರಿದ್ದು ಹಳೆಯ ನಕಾಶೆಗಳ ನಕಲು ತೆಗೆಯುವವಳಾಗಿ. ಹುದ್ದೆಯ ಹೆಸರು ಟ್ರೇಸರ್. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ ನಮ್ಮಪ್ಪನಿಗೆ ಅದನ್ನು ಓಣಿಯವರಿಗೆ ತಿಳಿಸಿ ಹೇಳುವುದು ಕಷ್ಟವಾಗುತ್ತಿತ್ತು. “ನಮ್ಮ ಸುಮಿತ್ರಾ ಸರಕಾರಿ ಗೆರಿ ಹೊಡೀತಾಳ” ಎಂದು ಮುಗಿಸಿಬಿಡುತ್ತಿದ್ದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಿವೃತ್ತಿಯಾಗುವವರೆಗೂ ನಾನು ಮಾಡಿದ್ದು ಅದೇ. ಹಿಂದಿನವರು ಎಳೆದ ಗೆರೆಗಳ ಮೇಲೆ ಪಾರದರ್ಶಕ ಬಟ್ಟೆ ಹಾಸಿ, ಅದರ ಮೇಲೆ ಮತ್ತೆ ಅದೇ ಗೆರೆ ಎಳೆಯುವುದು. ಹಳಿಯಾಳ, ಜೊಯಿಡಾ, ಮುಂಡಗೋಡ, ಮತ್ತೆ ಹಳಿಯಾಳ. ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಓದುವವರಿಗೂ ಬೇಸರ, ನನಗೂ ಬೇಸರ.

ಇಲಾಖೆಗೆ ಹೊಸದಾಗಿ ಸೇರಿದ ಕೆಲವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಬದುವಿನ ಜಗಳ ಬಿಟ್ಟರೆ ಈ ಕೆಲಸದಲ್ಲಿ ಇನ್ನೇನು ಇದೆ ಎಂದು ಕೇಳುತ್ತಾರೆ. ಬದುವಿನ ಜಗಳವೇ ಹೆಚ್ಚು, ಅದು ನಿಜ. ನಡುವೆ ಬೇರೆ ಥರದವರೂ ಬರುತ್ತಾರೆ. ಅವರಿಗೆ ಹೊಲ ಬೇಕಾಗಿಲ್ಲ. ತಮ್ಮ ಮುತ್ತಜ್ಜ ಯಾವ ಊರಿನವನು, ಮನೆ ಎಲ್ಲಿತ್ತು, ದೇವರು ಯಾವುದು ಎಂದು ಕೇಳಿಕೊಂಡು ಬಂದಿರುತ್ತಾರೆ. ಅಂಥವರ ವಿಷಯವನ್ನಷ್ಟೇ ಬರೆಯಬೇಕೆಂದಿದ್ದೇನೆ.

ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲೇ ಬೈಸಿಕೊಂಡೆ. ಕಪಾಟಿನಲ್ಲಿದ್ದ ಹಾಳೆಗಳಿಗೆಲ್ಲ ಬೂಷ್ಟು ಹಿಡಿದಿತ್ತು. ಹಳೆಯ ನಕಾಶೆಗಳ ಬೆನ್ನಿಗೆ ಬಟ್ಟೆ ಅಂಟಿಸಿರುತ್ತಾರೆ, ಆ ಬಟ್ಟೆ ಹಸಿಯಾಗಿ ಭಾರವಾಗಿತ್ತು. ಅಪರೂಪಕ್ಕೆ ಬಿಸಿಲು ಬಿದ್ದ ದಿನ ನಾನು ಅವನ್ನು ಹೊರಗೆ ಹಾಸಿದೆ. ನಮ್ಮ ಮೇಲಿನ ಅಧಿಕಾರಿ ದೇಸಾಯಿ ಸಾಹೇಬರು ಒಳಗಿಂದ ಓಡಿ ಬಂದರು.

“ಏ ಯವ್ವಾ, ಹಪ್ಪಳ ಏನ ಅವು? ಬಿಸಲಿಗೆ ಹಾಕೀಯಲ್ಲ!”

ಹಾಳೆಗಳನ್ನೆಲ್ಲ ಇಬ್ಬರೂ ಎತ್ತಿ ಒಳಗೆ ತಂದ ಮೇಲೆ ಅವರ ಸಿಟ್ಟು ಇಳಿಯಿತು. ಮೇಜಿನ ಮೇಲೆ ಒಂದು ಹಾಳೆ ಹರಡಿ ತೋರಿಸಿದರು. ಮಳೆಗಾಲದಲ್ಲಿ ಬಟ್ಟೆ ಹಿಗ್ಗುತ್ತದೆ, ಬಿಸಿಲಿಗೆ ಹಾಕಿದರೆ ಕುಗ್ಗುತ್ತದೆ. ಹಾಳೆಯ ಮೇಲೆ ಕೂದಲೆಳೆಯಷ್ಟು ಕುಗ್ಗಿದರೆ ನೆಲದ ಮೇಲೆ ಒಬ್ಬನ ಬದು ಇನ್ನೊಬ್ಬನ ಹೊಲದೊಳಗೆ ಹೋಗುತ್ತದೆ. ಅದಕ್ಕೇ ನಕಾಶೆಯ ಕೆಳಗೆ ಅಳತೆಯ ಪಟ್ಟಿಯೊಂದನ್ನು ಬರೆದಿರುತ್ತಾರೆ. ನಮ್ಮ ಪೆಟ್ಟಿಗೆಯಲ್ಲಿನ ಅಳತೆಗೋಲು ಬಿಟ್ಟು ಆ ಪಟ್ಟಿಯಿಂದಲೇ ಅಳೆಯಬೇಕು. ಹಾಳೆ ಎಷ್ಟು ಕುಗ್ಗಿದೆಯೋ ಅದೂ ಅಷ್ಟೇ ಕುಗ್ಗಿರುತ್ತದೆ. ಈಗಿನವರಿಗೆ ರೋವರ್ ಬಂದಿದೆ, ಉಪಗ್ರಹ ಅಳತೆ ಹೇಳುತ್ತದೆ. ಆದರೂ ಹಳೆಯ ಹಾಳೆ ಕೈಗೆ ಬಂದರೆ ಈ ಮಾತು ನೆನಪಿರಲಿ.

ದೇಸಾಯಿಯವರು ಒಳ್ಳೆಯವರೆಂದು ಹೇಳಲಾರೆ. ತಮ್ಮ ಅಕ್ಷರದ ಬಗ್ಗೆ ಅವರಿಗೆ ಬಹಳ ಅಭಿಮಾನ, ಬೇರೆಯವರು ಬರೆದ ಅಕ್ಷರ ನೋಡಿ ಎಲ್ಲರೆದುರು ನಗುತ್ತಿದ್ದರು. ರಜೆ ಕೇಳಿದರೆ ಮುಖ ತಿರುಗಿಸುತ್ತಿದ್ದರು. ಆದರೆ ಹಳೆಯ ನಕಾಶೆಗಳಲ್ಲಿದ್ದ ಮೋಡಿ ಅಕ್ಷರ, ಅಂದರೆ ಮರಾಠಿಯ ಹಳೆಯ ಕೂಡುಬರಹ, ಓದುವುದನ್ನು ಕಲಿಸಿದವರು ಅವರು. ಇನ್ನೊಂದು ಮಾತನ್ನೂ ಕಲಿಸಿದರು. “ನಕಾಶಿ ಕೇಳಾಕ ಬಂದವರಿಗೆ ಯಾವ ಊರದ ಬೇಕು ಅಂತ ಮೊದಲ ಕೇಳಬ್ಯಾಡ. ಯಾಕ ಬೇಕು ಅಂತ ಕೇಳು. ಅದು ಗೊತ್ತಾದ್ರ ಯಾವ ಹಾಳಿ ತಗೀಬೇಕು ಅನ್ನೂದು ತಾನ ಗೊತ್ತಾಗತೈತಿ.”

ಹಾಗೆ ಕೇಳದೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಚೇರಿಯಲ್ಲೇ ಒಂದು ಉದಾಹರಣೆ ಇತ್ತು. ರಾಮನಗರದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ತುಕಾರಾಮ ಎಂಬುವರು ತಮ್ಮ ಮೂಲ ಊರು ಕಾಳಂಬ ಎಂದು ಹೇಳಿ ಅದರ ನಕಾಶೆ ಕೇಳಿದ್ದರು. ನಾನು ಸೇರುವುದಕ್ಕಿಂತ ಹಿಂದಿನ ಮಾತು. ಆಗಿದ್ದ ನೌಕರರು ಕಾಳಂಬದ ಹಾಳೆ ತೆಗೆದು ನಕಲು ಮಾಡಿ ಕೊಟ್ಟರು. ತುಕಾರಾಮರು ಅದನ್ನು ಹಿಡಿದು ಕಾಡಿನಲ್ಲಿ ಹುಡುಕಿ, ಊರಿದ್ದ ಜಾಗದಲ್ಲಿ ಹಳೆಯ ಮನೆಯೊಂದರ ಅಡಿಪಾಯ ಕಂಡು, ಅದೇ ತಮ್ಮದೆಂದು ತಿಳಿದು ತುಳಸಿಕಟ್ಟೆ ಕಟ್ಟಿಸಿದರು. ಪ್ರತಿವರ್ಷ ಕುಟುಂಬದವರೆಲ್ಲ ಹೋಗಿ ನೈವೇದ್ಯ ಮಾಡಿ ಬರುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ನಾನು ಬೇರೆ ಯಾರಿಗೋ ನಕಲು ತೆಗೆಯುವಾಗ ನೋಡಿದರೆ ಕಾಳಂಬ ಎರಡಿವೆ. ಒಂದು ಕಾಳಂಬ ಬುದ್ರುಕ, ಅಂದರೆ ದೊಡ್ಡದು. ಇನ್ನೊಂದು ಕಾಳಂಬ ಖುರ್ದ, ಸಣ್ಣದು. ತುಕಾರಾಮರು ಹೇಳುತ್ತಿದ್ದ ಬಾವಿ, ಗುಡಿ ಎಲ್ಲ ಇದ್ದದ್ದು ಸಣ್ಣದರಲ್ಲಿ. ಅವರು ನೈವೇದ್ಯ ಮಾಡುತ್ತಿದ್ದದ್ದು ದೊಡ್ಡದರಲ್ಲಿ, ಯಾರದೋ ಮನೆಯ ಅಡಿಪಾಯದ ಮೇಲೆ.

ದೇಸಾಯಿಯವರು ಆ ಸುದ್ದಿ ಹೇಳುವ ಕೆಲಸವನ್ನು ನನಗೆ ವಹಿಸಿದರು. ನಾನು ಹೆದರುತ್ತಲೇ ಹೇಳಿದೆ. ತುಕಾರಾಮರು ಪೂರ್ತಿ ಕೇಳಿಸಿಕೊಂಡರು.

“ಇಷ್ಟು ವರ್ಷ ನಮ್ಮ ಕೈಯಾಗಿಂದು ಉಂಡಾರ ಅವರು. ಈಗ ನೀವು ನಮ್ಮವರಲ್ಲ ಅಂತ ಹೆಂಗ ಹೇಳೂದು ಬಾಯಾರ? ಅಲ್ಲೂ ಮಾಡೂಣು, ಇಲ್ಲೂ ಮಾಡೂಣು” ಅಂದರು. ಅವರ ಮಕ್ಕಳು ಈಗಲೂ ಎರಡೂ ಕಡೆ ಹೋಗುತ್ತಾರೆಂದು ಕೇಳಿದ್ದೇನೆ.

ಆಮೇಲೆ ನಾನು ಒಂದು ರೂಢಿ ಮಾಡಿಕೊಂಡೆ. ಊರಿನ ಹೆಸರನ್ನು ನಂಬುತ್ತಿರಲಿಲ್ಲ. ಬಂದವರನ್ನು ಕೂರಿಸಿ, ಕುಡಿಯುವ ನೀರು ಎಲ್ಲಿಂದ ತರುತ್ತಿದ್ದರಂತೆ, ದೇವರು ಯಾವುದು, ಸಂತೆಗೆ ಯಾವ ದಿಕ್ಕಿಗೆ ನಡೆಯುತ್ತಿದ್ದರಂತೆ ಎಂದು ಕೇಳುತ್ತಿದ್ದೆ. ಊರಿನ ಹೆಸರು ಬಾಯಿಂದ ಬಾಯಿಗೆ ಬದಲಾಗಿರುತ್ತದೆ. ಸಂತೆಗೆ ಹೋಗುವಾಗ ಬೆಳಗಿನ ಬಿಸಿಲು ಮುಖಕ್ಕೆ ಬೀಳುತ್ತಿತ್ತೋ ಬೆನ್ನಿಗೋ ಎಂಬುದನ್ನು ಅಜ್ಜಿಯರು ಮರೆತಿರುವುದಿಲ್ಲ.

ನಮ್ಮ ಭಾಗದಲ್ಲಿ ಇಂಥ ಹುಡುಕಾಟ ಹೆಚ್ಚು. ಅದಕ್ಕೆ ಕಾರಣ ಬೇಚರಾಕ್ ಗ್ರಾಮಗಳು. ಜನ ಬಿಟ್ಟುಹೋದ ಊರಿಗೆ ದಾಖಲೆಯಲ್ಲಿ ಹಾಗೆ ಬರೆಯುತ್ತಾರೆ. ಚಿರಾಗ್ ಎಂದರೆ ದೀಪ. ಬೇಚರಾಕ್ ಎಂದರೆ ದೀಪವಿಲ್ಲದ್ದು. ಹಿಂದೆ ಕಾಡಂಚಿನ ಊರುಗಳಲ್ಲಿ ಮಲೇರಿಯಾ ಜ್ವರಕ್ಕೆ ಜನ ಸತ್ತು, ಉಳಿದವರು ಗಂಟು ಕಟ್ಟಿಕೊಂಡು ಹೋದರು. ಕೆಲವರು ದಾಂಡೇಲಿಗೆ, ಕೆಲವರು ಮುಂಡಗೋಡದ ಕಡೆಗೆ. ಮನೆಗಳ ಜಾಗದಲ್ಲಿ ಸಾಗವಾನಿ ಬೆಳೆಯಿತು. ನಕಾಶೆಯಲ್ಲಿ ಮಾತ್ರ ಊರು ಹಾಗೇ ಇದೆ, ಹೊಲ, ಕೆರೆ, ಕಾಲುದಾರಿಗಳ ಸಮೇತ.

ನಾನು ನಿವೃತ್ತಳಾಗುವ ಹೊತ್ತಿಗೆ ಆ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಮುಗಿದಿತ್ತು. ಅಮೋನಿಯಾ ಹೊಗೆಯಲ್ಲಿ ನೀಲಿ ನಕಲು ತೆಗೆದು ಕಣ್ಣು ಉರಿಸಿಕೊಳ್ಳುವ ಕಾಲ ಹೋಯಿತು, ಅದಕ್ಕೆ ನನಗೆ ಸಂತೋಷವೇ. ಆಗ ಬಂದ ಒಬ್ಬ ಅಧಿಕಾರಿ, ಕಂಪ್ಯೂಟರಿನಲ್ಲಿ ಎಲ್ಲ ಇರುವಾಗ ಈ ಹಳೆಯ ಬಟ್ಟೆಗಳು ಯಾಕೆ, ಜಾಗ ಖಾಲಿ ಮಾಡಿ ಎಂದರು. ಖಾಲಿ ಮಾಡಿ ಎಲ್ಲಿಗೆ ಕಳಿಸಬೇಕೆಂದು ಬರೆದು ಕೇಳಿದೆವು. ಉತ್ತರ ಬರುವುದರೊಳಗೆ ಅವರಿಗೆ ವರ್ಗವಾಯಿತು. ಹೀಗಾಗಿ ಹಾಳೆಗಳು ಉಳಿದುಕೊಂಡವು.

ಇನ್ನು ಅಂಥದೇ ಒಂದು ಬೇಚರಾಕ್ ಊರು, ಸಂಕನಾಳದ ವಿಷಯ. ಇದು ನಾನು ನಿವೃತ್ತಿಯಾಗಿ ದಾಂಡೇಲಿಯಲ್ಲಿ ಇರತೊಡಗಿದ ಮೇಲೆ ಬಂದದ್ದು.

ಒಂದು ಮಧ್ಯಾಹ್ನ ಪರಸಪ್ಪ ಸಂಕನಾಳ ಎಂಬುವರು ಮೊಮ್ಮಗಳು ರೇಣುಕಾಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಪರಸಪ್ಪನವರು ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ರೇಣುಕಾ ನದಿಯ ಕಡೆಯ ರೆಸಾರ್ಟ್ ಒಂದರಲ್ಲಿ ಅಡುಗೆಮನೆಯ ಉಸ್ತುವಾರಿ ನೋಡುತ್ತಿದ್ದಳು. ಮಾತಾಡಿದ್ದೆಲ್ಲ ಅವಳೇ.

“ಬಾಯಾರ, ನನ್ನ ಮದಿವಿ ನಿಶ್ಚಯ ಆಗೇತ್ರಿ. ಹುಡುಗ ನಾಗರಾಜ ಅಂತ, ಮುಂಡಗೋಡದ ಕಡೆಯಾಂವ, ಟೆಂಪೋ ಹೊಡೀತಾನ. ಎಲ್ಲಾ ಸುಸೂತ್ರ ಇತ್ತು. ಈಗ ಅವರ ಮನ್ಯಾಗ ಒಬ್ಬಾಕಿ ಮುದಕಿ ಅದಾಳ್ರಿ, ಯಲ್ಲವ್ವ ಅಂತ. ಅವರ ಮುತ್ಯಾನ ತಂಗಿ. ನೀವೂ ಸಂಕನಾಳ, ನಾವೂ ಸಂಕನಾಳ, ಒಂದ ಮನಿ, ಹುಡುಗ ಹುಡುಗಿ ಅಣ್ಣ ತಂಗಿ ಆಗತಾರ, ಈ ಮದಿವಿ ಆಗಬಾರದು ಅಂತ ಕುಂತಾಳ.”

“ಅಡ್ಡಹೆಸರು ಒಂದ ಇದ್ರ ಏನಾತು? ಆ ಊರು ಬಿಟ್ಟ ಬಂದವರೆಲ್ಲಾ ಸಂಕನಾಳನ ಆಗ್ತಾರ” ಅಂದೆ.

“ನಾನೂ ಅದನ್ನ ಅಂದೇರಿ. ಅದಕ್ಕ ಆಕಿ, ಹೊಲಾನೂ ಒಂದ ಇತ್ತು ಅಂತಾಳ. ಕೆರಿ ಕೆಳಗಿನ ಹೊಲ. ಎರಡೂ ಮನಿಯವರು ಅದನ್ನ ಹೇಳತಾರ್ರಿ.”

ನಾನು ಪರಸಪ್ಪನವರ ಮುಖ ನೋಡಿದೆ. ಅವರು ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. “ಆಕಿ ಸುಳ್ಳ ಹೇಳತಾಳಂತ ಅನ್ನಾಕ ಬರೂದಿಲ್ರಿ. ಹಿಂದಕೂ ಹಿರ್ಯಾರು ಹಂಗ ಅಂದಾರ” ಎಂದಷ್ಟೇ ಹೇಳಿದರು.

ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ಆ ಜನರಲ್ಲಿ ಅಣ್ಣತಮ್ಮಂದಿರ ಸಂತತಿ ಎಷ್ಟೇ ತಲೆಮಾರು ಕಳೆದರೂ ಒಂದೇ ಮನೆ. ಅವರೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಅದೇ ಮನೆಯ ಹೆಣ್ಣುಮಗಳ ಸಂತತಿಯಾದರೆ ಅವರು ಬೀಗರ ಕಡೆಯವರು, ಅಲ್ಲಿ ಸಂಬಂಧ ಬೆಳೆಸುವುದು ಒಳ್ಳೆಯದೇ. ಹೊಲ ಒಂದೇ ಆಗಿದ್ದರೆ ಅದನ್ನು ಹಂಚಿಕೊಂಡವರು ಯಾರು ಎಂಬುದೇ ಪ್ರಶ್ನೆ. ಎರಡೂ ಕಡೆ ಅದನ್ನು ಬಲ್ಲ ಹಿರಿಯರು ಉಳಿದಿರಲಿಲ್ಲ.

ನಾನು ಎರಡೂ ಮನೆಯವರನ್ನು ಬೇರೆ ಬೇರೆಯಾಗಿ ಕೇಳಿದೆ. ಪರಸಪ್ಪನವರ ತಂದೆ ಹೇಳುತ್ತಿದ್ದದ್ದು, ತಮ್ಮ ಹೊಲದ ತಲೆಗೆ ಕೆರೆಯ ತೂಬು ಇತ್ತು, ಅದರ ಕಲ್ಲಿಗೆ ಪೂಜೆ ಮಾಡಿ ನೀರು ಬಿಡುತ್ತಿದ್ದರು ಎಂದು. ನಾಗರಾಜನನ್ನು ಫೋನಿನಲ್ಲಿ ಕೇಳಿದೆ. ಅವನು ಮನೆಯಲ್ಲಿ ವಿಚಾರಿಸಿ, ತಮ್ಮ ಹೊಲದ ನಡುವೆ ಹುಣಸೆಮರ ಇತ್ತಂತೆ, ಅದರ ಬುಡದಲ್ಲಿ ಅಮ್ಮನ ಕಲ್ಲು ಇತ್ತಂತೆ ಎಂದ.

ರೇಣುಕಾಳ ಜೊತೆ ಹಳಿಯಾಳಕ್ಕೆ ಹೋದೆ. ಅರ್ಜಿ ಕೊಟ್ಟೆವು. ಈಗ ಅಲ್ಲಿ ಕವಿತಾ ಎಂಬ ಹುಡುಗಿ ಸರ್ವೇಯರ್. ಅವಳು ಕಂಪ್ಯೂಟರಿನಲ್ಲಿ ಸಂಕನಾಳದ ಹಳೆಯ ಹಾಳೆ ತೆಗೆದು ದೊಡ್ಡದು ಮಾಡಿ ತೋರಿಸಿದಳು. ಕೆರೆ ಇತ್ತು. ಅದರ ಕೆಳಗೆ ಒಂದೇ ಸರ್ವೆ ನಂಬರಿನ ಉದ್ದನೆಯ ಹೊಲ. ಉದ್ದಕ್ಕೆ ಸೀಳಿ ಎರಡು ಪಟ್ಟಿ ಮಾಡಿತ್ತು. ಎಡಗಡೆ ಪಟ್ಟಿಯ ತಲೆಗೆ ತೂಬಿನ ಗುರುತು. ಬಲಗಡೆ ಪಟ್ಟಿಯ ನಡುವೆ ಸಣ್ಣ ಮರದ ಚಿತ್ರ.

ಅದನ್ನು ನೋಡಿ ನನಗೆ ಉತ್ತರ ಸಿಕ್ಕಿತು ಅನಿಸಿತು, ಅದು ರೇಣುಕಾಳಿಗೆ ಬೇಡವಾದ ಉತ್ತರ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವುದು ಹೀಗೆಯೇ. ಅಡ್ಡ ಕತ್ತರಿಸಿದರೆ ಮೇಲಿನವನಿಗೆ ನೀರು, ಕೆಳಗಿನವನಿಗೆ ಜಗಳ. ಅದಕ್ಕೆ ಉದ್ದಕ್ಕೆ ಸೀಳಿ ಇಬ್ಬರ ಹೊಲವೂ ನೀರಿಗೆ ಮುಟ್ಟುವಂತೆ ಮಾಡುತ್ತಾರೆ. ನಾನು ಹಾಗೆ ಹೇಳಿದೆ. ರೇಣುಕಾ ಪರದೆಯ ಕಡೆಯೇ ನೋಡುತ್ತ, “ಅಂದ್ರ ಆಕಿ ಹೇಳಿದ್ದ ಖರೇ” ಅಂದಳು.

ಕವಿತಾ ಮಾತ್ರ ಇನ್ನೂ ಪರದೆಗೆ ಮುಖ ಕೊಟ್ಟು ಕೂತಿದ್ದಳು. “ಮೇಡಂ, ಇಲ್ಲಿ ಬಲಗಡಿ ಪಟ್ಟಿ ಮ್ಯಾಲ ಒಂದು ಮಸುಕು ಗೆರಿ ಐತಿ ನೋಡ್ರಿ. ಹಾಳಿ ಮಡಚಿದ ಗುರುತು ಇರಬೇಕಂತ ಸ್ಕ್ಯಾನ್ ಮಾಡಿದವರು ಬಿಟ್ಟಾರ. ಖರೇ ಮಡಿಕಿನೋ ಏನೋ, ಅಸಲು ತಗದು ನೋಡೂಣೇನ್ರಿ?”

ಅಸಲು ಹಾಳೆ ಹಿಂದಿನ ಕೋಣೆಯ ಕಪಾಟಿನಲ್ಲಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆವು. ಹಾಳೆಯ ಮಡಿಕೆ ಬೇರೆ ಕಡೆ ಇತ್ತು. ಇದು ಶಾಯಿಯ ಗೆರೆ, ಮೊಂಡಾದ ಲೇಖನಿಯಿಂದ ಎಳೆದದ್ದು, ಅಲ್ಲಲ್ಲಿ ಹುಳ ತಿಂದಿತ್ತು. ಬಲಗಡೆಯ ಪಟ್ಟಿ ಕೆರೆಯವರೆಗೆ ಹೋಗುತ್ತಲೇ ಇರಲಿಲ್ಲ. ಈ ಅಡ್ಡಗೆರೆಗೆ ನಿಂತುಬಿಟ್ಟಿತ್ತು. ಗೆರೆಯ ಮೇಲಿನ ತುಂಡು, ಕೆರೆಗೆ ತಾಗಿದ ತುಂಡು, ತೂಬು ಇದ್ದ ಎಡಗಡೆಯ ಹೊಲಕ್ಕೆ ಸೇರಿತ್ತು.

ನಾನು ಕುರ್ಚಿ ಎಳೆದುಕೊಂಡು ಕೂತೆ. ಅಣ್ಣತಮ್ಮಂದಿರ ಪಾಲು ಹೀಗಿರುವುದಿಲ್ಲ. ನೀರಿನ ಹಕ್ಕು ಬಿಟ್ಟುಕೊಟ್ಟು ಪಾಲು ತೆಗೆದುಕೊಳ್ಳಲು ಯಾವ ತಮ್ಮನೂ ಒಪ್ಪುವುದಿಲ್ಲ. ಇದು ಒಂದು ಮನೆ ತನ್ನ ಹೊಲದಿಂದ ಇನ್ನೊಬ್ಬರಿಗೆ ಕೊಟ್ಟ ತುಂಡು, ನೀರನ್ನು ತನ್ನ ಕೈಯಲ್ಲೇ ಇಟ್ಟುಕೊಂಡು ಕೊಟ್ಟದ್ದು. ಮಗಳಿಗೆ ಅರಿಶಿನ ಕುಂಕುಮಕ್ಕೆಂದು ಕೊಡುವ ಹೊಲ ಹಾಗಿರುತ್ತದೆ. ಚಾಕರಿ ಮಾಡಿದವನಿಗೆ ಕೊಡುವ ಹೊಲವೂ ಹಾಗೇ ಇರುತ್ತದೆ.

“ಹಂಗಾರ ನಾವು ಅಣ್ಣ ತಂಗಿ ಅಲ್ಲ?” ಅಂದಳು ರೇಣುಕಾ.

“ಕೊಟ್ಟ ಹೊಲ ಅಂತ ನಕಾಶಿ ಹೇಳತೈತಿ. ಯಾರಿಗೆ, ಯಾಕ ಕೊಟ್ರು ಅನ್ನೂದನ್ನ ಹೇಳೂದಿಲ್ಲವ್ವಾ. ನಕಾಶಿ ಹೇಳದ್ದನ್ನ ನಾ ಹೇಳಾಕ ಬರೂದಿಲ್ಲ.”

ಅವಳಿಗೆ ನನ್ನ ಮೇಲೆ ಸಿಟ್ಟು ಬಂತು. ಬರುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಹೊಸಬರಿಗೆ ಹೇಳುತ್ತೇನೆ, ಹೀಗೆ ಸಿಟ್ಟು ಮಾಡಿಕೊಂಡು ಹೋದವರು ಬಹಳ ಜನ. ಎದುರಿಗಿದ್ದವರ ಮುಖ ನೋಡಿ ಹಾಳೆಗೆ ಒಂದು ಮಾತು ಸೇರಿಸಬೇಕೆಂದು ಅನಿಸುತ್ತದೆ. ಸೇರಿಸಬಾರದು.

ಯಲ್ಲವ್ವನಿಗೆ ಸುದ್ದಿ ಮುಟ್ಟಿತು. ಕಾಗದದ ಮೇಲಿನ ಗೆರೆ ತಾನು ನಂಬುವುದಿಲ್ಲ, ನೆಲದ ಮೇಲೆ ತೋರಿಸಿ ಎಂದು ಹೇಳಿ ಕಳಿಸಿದರು. ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ನಾಗರಾಜನ ಟೆಂಪೋದಲ್ಲಿ ಹೊರಟೆವು. ನಾಗರಾಜ, ರೇಣುಕಾ, ಪರಸಪ್ಪನವರು, ಯಲ್ಲವ್ವ, ನಾನು. ಅರಣ್ಯ ಇಲಾಖೆಗೆ ಮೊದಲೇ ಹೇಳಿದ್ದೆವು, ಗಾರ್ಡ್ ಒಬ್ಬ ದಾರಿಯಲ್ಲಿ ಹತ್ತಿಕೊಂಡ.

ಯಲ್ಲವ್ವನನ್ನು ನಾನು ನೋಡಿದ್ದು ಅದೇ ಮೊದಲು. ಜಗಳಗಂಟಿ ಮುದುಕಿಯನ್ನು ಕಲ್ಪಿಸಿಕೊಂಡಿದ್ದೆ. ಬಂದವರು ಸಣ್ಣ ದನಿಯ, ನೆಟ್ಟಗೆ ಕೂರುವ ಹೆಂಗಸು. ಚಿಕ್ಕ ವಯಸ್ಸಿನಲ್ಲಿ ಕಲಘಟಗಿ ಕಡೆಯ ವಯಸ್ಸಾದವರೊಬ್ಬರಿಗೆ ಎರಡನೆಯ ಸಂಬಂಧಕ್ಕೆ ಕೊಟ್ಟಿದ್ದರು. ಗಂಡ ಬೇಗ ಹೋದ. ತವರಿಗೆ ಬಂದು ಅಣ್ಣನ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಬೆಳೆಸಿದರು. ನಾಗರಾಜ ಅವರನ್ನು ಆಯಿ ಎಂದು ಕರೆಯುತ್ತಿದ್ದ, ಇಳಿಯುವಾಗ ಕೈ ಹಿಡಿದು ಇಳಿಸಿದ. ದ್ವೇಷದಿಂದ ಮದುವೆ ತಡೆದವರೊಂದಿಗೆ ಯಾರೂ ಹಾಗೆ ನಡೆದುಕೊಳ್ಳುವುದಿಲ್ಲ. ಪರಸಪ್ಪನವರೂ ಅವರೂ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಮದುವೆಯ ತಕರಾರಿಗೆ ಹಾಗಿರಬಹುದು ಎಂದುಕೊಂಡೆ.

ಕೆರೆಯ ಏರಿಯ ಮೇಲೆ ಮರಗಳು ಬೆಳೆದಿದ್ದವು, ನೀರಿರಲಿಲ್ಲ. ಮೊಬೈಲಿನಲ್ಲಿ ಜಾಗ ನೋಡಿಕೊಂಡು ಏರಿಯ ಉದ್ದಕ್ಕೆ ನಡೆದಾಗ ತೂಬಿನ ಕಲ್ಲು ಸಿಕ್ಕಿತು. ಪರಸಪ್ಪನವರು ಚಪ್ಪಲಿ ಬಿಟ್ಟು ಅದನ್ನು ಮುಟ್ಟಿ ನಮಸ್ಕಾರ ಮಾಡಿದರು. ಅಲ್ಲಿಂದ ಕೆಳಕ್ಕೆ ಅಳೆಯುತ್ತ ಬಂದೆವು. ನಕಾಶೆಯಲ್ಲಿ ಅಡ್ಡಗೆರೆ ಇದ್ದ ಕಡೆ ನಾಗರಾಜ ಕಾಲಿನಿಂದ ಸಾಗವಾನಿ ಎಲೆ ಸರಿಸಿದ. ಕಲ್ಲಿನ ಗಿಡ್ಡ ಒಡ್ಡು ಕಂಡಿತು. ಬಲಗಡೆ ಪಟ್ಟಿಯ ಒಂದು ಬದುವಿನಿಂದ ಇನ್ನೊಂದು ಬದುವಿನವರೆಗೂ ಇತ್ತು. ಕೆಳಗೆ, ಹುಣಸೆಮರ ಬಿದ್ದು ಒಣಗಿತ್ತು. ಅದರ ಬುಡದಲ್ಲಿ ಅಮ್ಮನ ಕಲ್ಲು ಇನ್ನೂ ನಿಂತಿತ್ತು.

ನಾನು ಯಲ್ಲವ್ವನಿಗೆ ಎಲ್ಲವನ್ನೂ ಹೇಳಿದೆ. ಇದು ನಿಮ್ಮ ಹೊಲ, ಇದು ಅವರದು, ನೀರು ಅವರ ನೆಲದಿಂದ ನಿಮಗೆ ಬರಬೇಕಿತ್ತು, ಇದು ಪಾಲು ಮಾಡಿಕೊಂಡ ಹೊಲವಲ್ಲ, ಕೊಟ್ಟ ಹೊಲ. ಮಗಳಿಗೆ ಕೊಟ್ಟಿರಬಹುದು, ಬೇರೆ ಯಾರಿಗಾದರೂ ಕೊಟ್ಟಿರಬಹುದು.

ಅವರು ಒಡ್ಡಿನ ಮೇಲೆ ಕೂತರು.

“ನಾ ಸಣ್ಣಾಕಿ ಇದ್ದೆ” ಎಂದು ಶುರು ಮಾಡಿದರು. “ಮುಂಡಗೋಡದಾಗ ಮುಂಗಾರಿ ಬಿತ್ತಗಿ ನಡದಿತ್ತು. ಇವರ ಹಿರ್ಯಾ ಒಬ್ಬಾಂವ ಸತ್ತಾನಂತ ದಾಂಡೇಲಿಂದ ಸುದ್ದಿ ಬಂತು. ನಮ್ಮವ್ವ ಅಳಾಕ ಹತ್ತಿದ್ಲು. ಒಂದ ಮನಿಯವರು, ಹತ್ತ ದಿನ ಸೂತಕ ಹಿಡೀಬೇಕು, ನೆಲದ ಹಸಿ ಆರಿ ಹೋಗತೈತಿ, ಬಿತ್ತಗಿ ಹಾಳಾತು ಅಂತ. ನಮ್ಮಪ್ಪ ಬಾವಿಗೆ ಹೋಗಿ ತಲಿ ಮ್ಯಾಲ ನೀರ ಹಾಕ್ಕೊಂಡ ಬಂದ. ಹತ್ತ ದಿನ ಅಣ್ಣತಮ್ಮಂದಿರಿಗೆ, ನಮಗ ಮೂರ ದಿನ ಸಾಕು ಅಂದ. ಅದು ಕಳದ ಮ್ಯಾಲ ಕೂರಿಗಿ ಹೂಡಿದ. ಊರಾಗ ಯಾರೂ ತಪ್ಪ ಅನಲಿಲ್ಲ.”

ಮೂರು ದಿನ ಹಿಡಿಯುವುದು ಹೆಣ್ಣುಮಗಳ ಕಡೆಯವರು. ಅದನ್ನು ಅಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ರೇಣುಕಾ ನಾಗರಾಜನ ಕಡೆ ನೋಡಿದಳು.

“ಇಷ್ಟ ವರ್ಷ ನಾ ಅದನ್ನ ಬಿತ್ತಗಿ ಉಳದ ಕಥಿ ಅಂತ ನೆನಪ ಇಟ್ಕೊಂಡಿದ್ದೆ” ಅಂದರು ಯಲ್ಲವ್ವ. ಆಮೇಲೆ ನನ್ನ ಕೈಯಲ್ಲಿದ್ದ ನಕಲಿನ ಕಡೆ ಬೆರಳು ಮಾಡಿದರು. “ಬಾಯಾರ, ಈ ನಕಾಶಿ ಮೊದಲ ಎಲ್ಲಿ ಇತ್ರಿ?”

“ಹಳಿಯಾಳದಾಗ ಇತ್ರಿ. ಕಪಾಟಿನ್ಯಾಗ.”

“ನಾ ಹದಿನೆಂಟರಾಕಿ ಇದ್ದಾಗ?”

“ಆವಾಗೂ ಅಲ್ಲೇ ಇತ್ರಿ.”

“ಯಾರರ ಹೋಗಿ ಕೇಳಿದ್ರ ತೋರಸ್ತಿದ್ರೇನು?”

“ತೋರಸ್ತಿದ್ರು.”

“ನಮಗ ಕೇಳಬೇಕಂತ ಗೊತ್ತಿರಲಿಲ್ಲ” ಅಂದರು.

ನನಗೆ ಅರ್ಥವಾಗಲಿಲ್ಲ. ನಾಗರಾಜನೇ ಕೇಳಿದ, “ಯಾಕ ಆಯಿ, ಆವಾಗ ಏನಾಗಿತ್ತು?”

ಯಲ್ಲವ್ವ ಕೂತಲ್ಲಿಂದಲೇ ಹಿಂದಕ್ಕೆ ತಿರುಗಿದರು. ತೂಬಿನ ಹತ್ತಿರ ನಿಂತಿದ್ದ ಪರಸಪ್ಪನವರನ್ನು ಕರೆದರು. “ಪರಸಪ್ಪ, ಕೇಳಿಸಿತೇನ?”

“ಕೇಳಿಸಿತು” ಅಂದರು ಅವರು.

“ನೀನ ಹೇಳು ಹುಡುಗರಿಗೆ.”

ಪರಸಪ್ಪನವರು ಹತ್ತಿರ ಬಂದರು. ಟೋಪಿ ತೆಗೆದು ಮತ್ತೆ ಹಾಕಿಕೊಂಡರು. “ನನಗ ಕಾರ್ಖಾನ್ಯಾಗ ಕೆಲಸ ಹತ್ತಿದ ವರ್ಷ, ಈಕಿನ್ನ ನನಗ ಗೊತ್ತು ಮಾಡಿದ್ರು. ಒಪ್ಪಿಗಿ ಆಗಿತ್ತು. ಅಷ್ಟರಾಗ ಈಕಿ ಕಾಕಾ, ಒಂದ ಹೊಲದವರು, ಒಂದ ಮನಿಯವರು, ಪಾಪ ಬರತೈತಿ ಅಂತ ಬಿಡಿಸಿದ. ಈಕಿ ಅಪ್ಪ ಆಗಲೇ ತೀರಿಕೊಂಡಿದ್ದ. ಹೌದ ಅಲ್ಲ ಅನ್ನಾಕ ತಿಳದವರು ಯಾರೂ ಇರಲಿಲ್ಲ.”

ಗಾರ್ಡ್ ಅಷ್ಟು ದೂರದಲ್ಲಿ ಬೀಡಿ ಹಚ್ಚಲು ಹೋದವನು ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡ.

“ನಾ ಸುಳ್ಳು ಹೇಳಲಿಲ್ಲ ತಂಗಿ” ಎಂದರು ಯಲ್ಲವ್ವ, ರೇಣುಕಾಳಿಗೆ. “ನನಗ ಹೇಳಿದ್ದನ್ನ ನಾ ನಿಮಗ ಹೇಳಿದೆ. ನನಗ ಪಾಪ ಆಗಿದ್ದು ನಿಮಗ ಹೆಂಗ ಪುಣ್ಯ ಆದೀತು ಅನ್ನಸ್ತು.” ಆಮೇಲೆ ನಾಗರಾಜನ ಕೈ ಹಿಡಿದು ಎದ್ದರು. “ಮದಿವಿ ಮಾಡ್ಕೋರಿ. ಬಿಸಲ ಏರಾಕತ್ತೇತಿ, ಹೋಗೂಣು ನಡೀರಿ.”

ನಾನು ನಕಾಶೆ ಸುತ್ತಿ ಚೀಲದಲ್ಲಿ ಇಟ್ಟುಕೊಂಡೆ. ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ನಮ್ಮ ಇಲಾಖೆಯಲ್ಲಿ ಯಾರೂ ಕಲಿಸುವುದಿಲ್ಲ. ಗೆರೆ ಸರಿಯಾಗಿ ಓದಿದೆವು ಎಂಬ ಸಮಾಧಾನ ನನಗೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಂದೇ ಗೆರೆ ಇಬ್ಬರಿಗೆ ದಾರಿ ಬಿಟ್ಟುಕೊಡುವಾಗ ಮತ್ತಿಬ್ಬರಿಗೆ, ನಿಮಗೂ ದಾರಿ ಇತ್ತು ಎಂದು ಹೇಳುತ್ತದೆಂಬುದು ಅಲ್ಲಿಯವರೆಗೆ ನನ್ನ ತಲೆಗೆ ಬಂದಿರಲಿಲ್ಲ. ಹಿಂತಿರುಗುವಾಗ ಅವರಿಬ್ಬರೂ ಮಾತಾಡಿದರು. ಮಳೆ, ಭತ್ತ, ಮುಂಡಗೋಡದ ಹೊಸ ರಸ್ತೆ, ಇಂಥವೇ. ಪರಸಪ್ಪನವರು ಒಂದು ಸಲ, “ಕಾಲು ನೋಯ್ತಾವೇನು?” ಎಂದು ಕೇಳಿದರು. “ಎಲ್ಲಾರಿಗೂ ನೋಯ್ತಾವ” ಎಂದರು ಯಲ್ಲವ್ವ.

ಮದುವೆ ದಾಂಡೇಲಿಯ ಒಂದು ಸಭಾಭವನದಲ್ಲಿ ಆಯಿತು. ನನ್ನನ್ನೂ ಕರೆದಿದ್ದರು. ಅಕ್ಷತೆ ಬಿದ್ದ ಮೇಲೆ ಬೀಗರಿಗೆ ಬಟ್ಟೆಯ ಉಡುಗೊರೆ ಕೊಡುತ್ತಿದ್ದರು. ಪರಸಪ್ಪನವರ ಸೊಸೆ ಮಂಜುಳಾ, ರೇಣುಕಾಳ ತಾಯಿ, ಒಂದು ಇಳಕಲ್ ಸೀರೆ ತಂದು ಯಲ್ಲವ್ವನ ಮುಂದೆ ನಿಂತಳು. ಮೂಲಮನೆಯವರು ಹೆಣ್ಣುಮಗಳ ಸಂತತಿಯ ಹಿರಿಯಳಿಗೆ ತವರಿನ ಸೀರೆ ಕೊಡಬೇಕೆಂದು ಯಾರೋ ಹೇಳಿದ್ದರಂತೆ. ಅವಳು ನಗುತ್ತಲೇ, “ಹಿರೇ ಮನಿ ಮಗಳ ಸೀರಿ ಇದು, ತಗೋರಿ” ಅಂದಳು.

ಯಲ್ಲವ್ವ ಕೈ ಚಾಚಲಿಲ್ಲ.

“ಆ ಮನಿಗೆ ನಾ ಮಗಳಾಗಿ ಬರಬೇಕಾದಾಕಿ ಅಲ್ಲವ್ವಾ. ಮಗಳಂತ ಕೊಡತಿದ್ರ ನನಗ ಬ್ಯಾಡ. ಸುಮ್ಮನ ಕೊಡತಿದ್ರ ಕೊಡು.”

ಪರಸಪ್ಪನವರು ಊಟದ ಪಂಕ್ತಿಯ ಕಡೆ ಇದ್ದರು, ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಮಂಜುಳಾ ಸೀರೆಯನ್ನು ಇನ್ನಷ್ಟು ಮುಂದಕ್ಕೆ ಹಿಡಿದಳು.

“ಸುಮ್ಮನ ಕೊಡಾಕ ಹತ್ತೇನಿ” ಅಂದಳು. “ತಗೋರಿ ಅತ್ತಿ.”

ವಯಸ್ಸಾದ ಹೆಂಗಸನ್ನು ನಮ್ಮ ಕಡೆ ಯಾರಾದರೂ ಅತ್ತಿ ಎನ್ನುತ್ತಾರೆ. ಸೊಸೆ ಗಂಡನ ತಾಯಿಯನ್ನು ಕರೆಯುವುದೂ ಹಾಗೆಯೇ. ಮಂಜುಳಾ ಯಾವುದನ್ನು ಮನಸ್ಸಿನಲ್ಲಿಟ್ಟುಕೊಂಡು ಅಂದಳೋ ನಾನು ಕೇಳಲು ಹೋಗಲಿಲ್ಲ. ಯಲ್ಲವ್ವ ಅವಳ ಮುಖವನ್ನು ನೋಡಿದರು. ಆಮೇಲೆ ಸೀರೆ ತೆಗೆದುಕೊಂಡು, ಮಡಿಕೆ ಬಿಚ್ಚಿ, ಹೆಗಲ ಮೇಲೆ ಹಾಕಿಕೊಂಡು, ಸೆರಗಿನ ಕೆಂಪು ಚಂದ ಐತೋ ಇಲ್ಲೋ ನೋಡು ಎಂದು ಅವಳನ್ನೇ ಕೇಳಿದರು.